ಮಂಗಳ ಹಾಡದ ಆಟ

ಬಿಳೂರಿನ ಚಂದ್ರಲೋಕದ ಬಯಲಾಟಕ್ಕೆ ಒಂಬತ್ತು ವರ್ಷ ತುಂಬಿತ್ತು. ಮನುಷ್ಯರು ಚಂದ್ರನ ಮೇಲೆ ಕಾಲಿಟ್ಟರೆಂದು ರೇಡಿಯೋ ಹೇಳಿದ ವರ್ಷವೇ ದುಂಡಪ್ಪ ಮಾಸ್ತರ ಅದನ್ನು ಕಟ್ಟಿದ್ದ. ವರ್ಷಕ್ಕೊಂದು ಭಾಗ, ಪ್ರತಿ ಸಲವೂ ವಿಮಾನ ಹೊಸ ನಕ್ಷತ್ರಕ್ಕೆ ಹಾರುತ್ತಿತ್ತು. ಕೊನೆಗೆ ಮಂಗಳ ಹಾಡಿದರೆ ಕಥೆ ಮುಗಿದ ಹಾಗೆ, ತಾಲೀಮಿನಲ್ಲಿ ಹಾಡಿದರೂ ಮತ್ತೆ ಅದನ್ನು ಆಡುವಂತಿಲ್ಲ. ಅದಕ್ಕೇ ದುಂಡಪ್ಪ ಒಮ್ಮೆಯೂ ಮಂಗಳ ಹಾಡಿಸಿರಲಿಲ್ಲ.

ವಿಮಾನದ ಕಪ್ತಾನ ಪಾತ್ರೆಗಳಿಗೆ ಕಲಾಯಿ ಹಾಕುವ ಇಮಾಮ. ಬಿದಿರು, ತಗಡಿನ ಆ ವಿಮಾನವನ್ನು ನಾಲ್ವರು ಹಗ್ಗ ಹಿಡಿದು ಬೇವಿನ ಕೊಂಬೆಗೆ ಎಳೆಯುತ್ತಿದ್ದರು. ಹೋದ ವರ್ಷ ಮೇಲೇರಿದಾಗ ಅವನಿಗೆ ಕಣ್ಣು ಕತ್ತಲಿಟ್ಟಿತ್ತು. ಅದು ಹೆಂಡತಿ ಮಲೀಕಾಗೆ ಮಾತ್ರ ಗೊತ್ತು.

ಕಡೆಯ ತಾಲೀಮಿನ ಮಧ್ಯಾಹ್ನ ಅವಳು ದುಂಡಪ್ಪನ ಮುಂದೆ ನಿಂತಳು.

"ಅಣ್ಣಾ, ಈ ವರ್ಷ ಮಂಗಳ ಹಾಡಸ್ರಿ. ಮ್ಯಾಲ ಏರಿದ್ರ ಇವರಿಗೆ ಚಕ್ಕರ ಬರತದ."

"ಹುಚ್ಚಿ ಇದ್ದಿ ತಂಗಿ! ಜತ್ತದಿಂದ ಮಂದಿ ಬರಾವ್ರದಾರ. ವಳಸಂಗದವರು ಈ ಸಲ ಯಾವ ನಕ್ಷತ್ರ ಅಂತ ಈಗ ಕೇಳಾಕ ಹತ್ಯಾರ."

"ಹಂಗಾದ್ರ ಬ್ಯಾರೆಯವರನ್ನ ಏರಸ್ರಿ."

ತಗಡಿನ ಟೋಪಿ ಹಾಕಿಕೊಳ್ಳುತ್ತಿದ್ದ ಇಮಾಮ ತಿರುಗಿದ. "ಬ್ಯಾರೆಯವ್ರು ಏರಿದ್ರ ಅದು ವಿಮಾನ ಅಲ್ಲ, ಬಾವಿ ಕೊಡ! ಪ್ಯಾಟ್ಯಾಗ ಎಲ್ಲಾರೂ ‘ಏ ಕಲಾಯಿ’ ಅಂತಾರ. ಅದರಾಗ ಕುಂತಾಗಷ್ಟ ನಾ ಕಪ್ತಾನ. ಎಳೀರಿ!"

ಹಗ್ಗ ಬಿಗಿಯಿತು. ಕೊಂಬೆ ಮುಟ್ಟುವಷ್ಟರಲ್ಲಿ ಇಮಾಮನ ಕೈ ಬಿದಿರು ಬಿಟ್ಟಿತು, ತಲೆ ಹೊರಗೆ ವಾಲಿತು. ಹೊಸ ಕಸರತ್ತೆಂದು ತಾಲೀಮು ನೋಡಲು ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು.

"ಇಳಸ್ರೋ!" ಎಂದು ಮಲೀಕಾ ಕೂಗಿದಳು. ಚಪ್ಪಾಳೆಯಲ್ಲಿ ಕೂಗು ಮುಳುಗಿತು. ಹಗ್ಗದವರು ದುಂಡಪ್ಪನ ಮುಖ ನೋಡಿದರು. ಅವನು ಜನರನ್ನು ನೋಡಿ ಹಿಗ್ಗುತ್ತಿದ್ದ. ಇಮಾಮನ ಹೆಗಲೂ ಅಂಚು ದಾಟಿತು.

ಮಲೀಕಾ ತಾನೇ ಮಂಗಳ ಹಾಡತೊಡಗಿದಳು. ಬೇರೆ ಆಟಗಳಲ್ಲಿ ಹುಟ್ಟಿದಾಗಿನಿಂದ ಕೇಳಿದ ಹಾಡು ಅದು. ದುಂಡಪ್ಪನ ತಾಯಿ ಸಂಗವ್ವ ಥಟ್ಟನೆ ಎದ್ದು ಕೈಮುಗಿದಳು. ಹೆಂಗಸರು ದನಿ ಕೂಡಿಸಿದರು, ಗಂಡಸರು ರುಮಾಲು ತೆಗೆದರು. ಮಂಗಳ ನಡೆದಾಗ ಯಾವ ವೇಷಧಾರಿಯೂ ಮೇಲಿರಬಾರದೆಂಬುದು ಆಟದ ಕಟ್ಟಳೆ. ಹಗ್ಗದವರು ಯಾರನ್ನೂ ಕೇಳದೆ ಮೆಲ್ಲಗೆ ಸಡಿಲಬಿಟ್ಟರು.

"ನಿಲ್ಸು ತಂಗಿ! ನಿಲ್ಸು!" ದುಂಡಪ್ಪ ಓಡಿ ಬರುವಾಗ ಕಡೆಯ ಸಾಲು ಮುಗಿದಿತ್ತು.

ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಇಮಾಮ ಕಣ್ಣು ತೆರೆದ. "ಮಂಗಳ ಯಾರ ಹಾಡಿದ್ರು?"

"ನಾನ."

"ನನ್ನ ಒಂದ ಮಾತ ಕೇಳಬಾರದಾಗಿತ್ತ?"

"ಕೇಳಿದ್ರ ಒಪ್ಪತಿದ್ರೇನ?"

ಇಮಾಮ ಅವಳು ಚಾಚಿದ ಕೈ ಹಿಡಿಯದೆ, ಬೇವಿನ ಬೊಡ್ಡೆ ಹಿಡಿದು ತಾನೇ ಎದ್ದ.