ಒಂದು ಹಾರ ಕಡಿಮೆ

ಬೈರಮಂಗಲದ ಚಿಕ್ಕಲಕ್ಷ್ಮಮ್ಮ ನಲವತ್ತು ದಾಟಿದ ಮೇಲೆ ಕೆಲಸಕ್ಕೆ ಸೇರಿದಳು. ಅದೂ ಅಂತಿಂಥ ಕೆಲಸವಲ್ಲ, ನಾಲ್ಕು ಜನಕ್ಕೆ ಕಲಿಸಿಕೊಡುವ ಕೆಲಸ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಅದು ಹೇಗೆ ಸಿಕ್ಕಿತು ಎಂದು ಯಾರಾದರೂ ಕೇಳಬೇಕಿತ್ತು. ಊರಿನಲ್ಲಿ ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ, ಏಕೆಂದರೆ ಹೇಳಿದವಳು ಅವಳ ಅಕ್ಕ.

ಅಕ್ಕನ ಹೆಸರು ದೊಡ್ಡಲಕ್ಷ್ಮಮ್ಮ. ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಹೆಸರಿಟ್ಟು ದೊಡ್ಡದು ಚಿಕ್ಕದು ಎಂದು ಭಾಗ ಮಾಡಿದ್ದ ಅಪ್ಪ, ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದ. ಎರಡು ಬೀದಿ ಆಚೆ ಈಚೆ ಮನೆ. ತಂಗಿಗೆ ಮೈ ಬಿಸಿಯಾದರೆ ಗಂಡ ಚಲುವಯ್ಯನಿಗಿಂತ ಮೊದಲು ಅಕ್ಕನಿಗೆ ಗೊತ್ತಾಗುತ್ತಿತ್ತು. ಒಡಹುಟ್ಟಿದವರು ಅಂದರೆ ಹೀಗಿರಬೇಕು ಎಂದು ಊರವರು ಹೇಳುತ್ತಿದ್ದರು. ಊರವರಿಗೇನು, ಹೇಳುವುದಕ್ಕೆ ಯಾವಾಗಲೂ ಏನಾದರೊಂದು ಇರುತ್ತದೆ.

ಹಿಂದಿನ ವರ್ಷದಿಂದ ಚಿಕ್ಕಲಕ್ಷ್ಮಮ್ಮ ಸರಿಯಾಗಿರಲಿಲ್ಲ. ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳುತ್ತಿರಲಿಲ್ಲ. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಗೂಡು ಕಟ್ಟುವ ಮುಂಚೆ ಹುಳ ಸೊಪ್ಪು ತಿನ್ನುವ ಸದ್ದು ಮನೆಯೆಲ್ಲ ಕೇಳುತ್ತದೆ, ಸಣ್ಣಗೆ ಮಳೆ ಹಿಡಿದ ಹಾಗೆ. ಆ ಸದ್ದು ನಿಂತದ್ದೂ ಅವಳಿಗೆ ತಿಳಿಯಲಿಲ್ಲ. ಗಂಡ ಸಂತೆಗೆ, ನೆಂಟರ ಮನೆಗೆ ಎಂದು ಹೋಗಿದ್ದಾಗ ಸೊಪ್ಪು ಹಾಕುವುದನ್ನೇ ಮರೆತು ಮೂಲೆಯಲ್ಲಿ ಕೂತಿದ್ದಳು. ಇಡೀ ಬೆಳೆ ಹೋಯಿತು.

ಅದಾದ ಮೇಲೆ ಒಂದು ಬೆಳಗ್ಗೆ ಕೆರೆ ಏರಿಯ ಮೇಲೆ ಚಪ್ಪಲಿ ಕಳಚಿಟ್ಟು ತುಂಬ ಹೊತ್ತು ನಿಂತಿದ್ದಳು. ಪಟ್ಟಣದ ಕೊಳಚೆಯೆಲ್ಲ ಬಂದು ಸೇರುವ ಆ ಕೆರೆಯ ನೀರು ಹೇಗಿದೆಯೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ನಾತ ತಡೆಯಲಾರದೆ ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದಳು. ಇದನ್ನು ಅಕ್ಕನೊಬ್ಬಳಿಗೇ ಹೇಳಿದಳು.

“ಯಾರ್ಗೂ ಯೋಳ್ಬ್ಯಾಡ ಕಣಕ್ಕ. ನನ್ನಾಣೆ.”

ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮಾರನೆಯ ವಾರವೇ, “ಮಂಡಿ ನೋವು ತೋರಿಸ್ಕಂಡ್ ಬರಾನ ಬಾ” ಎಂದು ರಾಮನಗರಕ್ಕೆ ಹೊರಡಿಸಿದಳು. ಮಂಡಿ ನೋವು ಇದ್ದದ್ದು ನಿಜವೇ. ಡಾಕ್ಟರು ಮಂಡಿಯನ್ನು ಒಂದು ಸಲ ಮುಟ್ಟಿ ನೋಡಿ, ತಂಗಿಯನ್ನು ಹೊರಗೆ ಕೂರಲು ಹೇಳಿ, ಅಕ್ಕನ ಹತ್ತಿರ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದ ಅಕ್ಕನ ಕೈಯಲ್ಲಿ ಮಾತ್ರೆಯೂ ಇತ್ತು, ಚೀಟಿಯೂ ಇತ್ತು.

“ಮಾತ್ರೆ ಮಂಡಿಗೆ. ಚೀಟಿ ನಿನ್ ಕೆಲ್ಸಕ್ಕೆ,” ಎಂದಳು ಅಕ್ಕ. “ಇಲ್ಲೇ ಒಂದು ಸೆಂಟ್ರು ಐತಂತೆ. ಮನ್ಸಿಗೆ ಉಸಾರಿಲ್ದೋರು ಬೆಳಗ್ಗೆ ಬಂದು ಸಾಯಂಕಾಲ ಮನೆಗೆ ಓಯ್ತಾರಂತೆ. ಒಟ್ಗೆ ಕೂತ್ಕಂಡು ಮಾತು, ಆಟ, ಕೈಕೆಲ್ಸ. ಅವ್ರಿಗೆ ಗೂಡಿನ ಹಾರ ಕಟ್ಟಾದು ಯೋಳ್ಕೊಡೋರು ಬೇಕಂತೆ. ನಿಂಗ್ ಬತ್ತದೆ ಅಂತ ನಾನೇ ಯೋಳ್ದೆ.”

ಅದು ಅವಳಿಗೆ ಬರುತ್ತಿತ್ತು. ಮದುವೆಗೆ ಮೊದಲು ರೇಷ್ಮೆ ಇಲಾಖೆಯವರು ಕೊಟ್ಟ ತರಬೇತಿಯಲ್ಲಿ ಕಲಿತದ್ದು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ಅದನ್ನು ಕತ್ತರಿಯಲ್ಲಿ ಎಸಳು ಎಸಳಾಗಿ ಕತ್ತರಿಸಿ, ಬಣ್ಣ ಹಾಕಿ, ನಡುನಡುವೆ ಮಣಿ ಪೋಣಿಸಿದರೆ ಬಾಡದ ಹಾರವಾಗುತ್ತದೆ. ಸಭೆ ಸಮಾರಂಭದಲ್ಲಿ ಬಂದವರ ಕೊರಳಿಗೆ ಹಾಕುತ್ತಾರೆ. ಹುಟ್ಟಿದ ಮೇಲೆ ಅವಳು ಯಾರಿಂದಲಾದರೂ ಕೂತು ಕಲಿತದ್ದು ಅಂದರೆ ಅದೊಂದೇ.

“ನಾನು ಯೋಳ್ಕೊಡಾದಾ?” ಎಂದಳು.

“ಇನ್ಯಾರು?”

ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು.

ಸೆಂಟರು ನಡೆಸುತ್ತಿದ್ದವರು ಮುನವ್ವರಾ ಎಂಬ ಮೇಡಂ. ರಾಮನಗರದವರೇ, ಮೆಲುದನಿಯವರು. ಅಲ್ಲಿಗೆ ಬರುವ ಯಾರನ್ನೂ ರೋಗಿ ಎನ್ನಬಾರದು, ಸದಸ್ಯರು ಎನ್ನಬೇಕು ಎಂಬುದು ಅವರು ಮಾಡಿಕೊಂಡ ಕಟ್ಟುನಿಟ್ಟು. ಹಾಗಾಗಿ ಕಾಯಿಲೆ ಎಂಬ ಮಾತನ್ನು ಬಾಯಿಗೆ ತರದೆಯೇ ಎಲ್ಲ ಕೇಳಿದರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕು ಅನ್ನಿಸಿದ್ದುಂಟೇ. ಕೆಲಸಕ್ಕೆ ತೆಗೆದುಕೊಳ್ಳುವವರು ಏನು ಬೇಕಾದರೂ ಕೇಳುತ್ತಾರೆ ಎಂದುಕೊಂಡು ಚಿಕ್ಕಲಕ್ಷ್ಮಮ್ಮ ಜಾಣತನದಿಂದ ಉತ್ತರ ಕೊಟ್ಟಳು. ಕೆರೆಯ ಮಾತು ಎತ್ತಲೇ ಇಲ್ಲ.

“ಬೇರೆಯವರು ಹೇಳಿದ್ರು ಅಂತ ನಾವು ಯಾರನ್ನೂ ಸೇರಿಸ್ಕೊಳ್ಳಲ್ಲ ಲಕ್ಷ್ಮಮ್ಮನವರೇ,” ಎಂದರು ಮೇಡಂ. “ನಿಮಗೆ ಇಷ್ಟ ಇರಬೇಕು. ಸೇರ್ಕೋತೀರಾ?”

“ಸೇರ್ಕತೀನಿ ಮೇಡಂ.”

ನಮ್ಮಲ್ಲಿ ಸ್ಕೂಲಿಗೆ ಸೇರಿಸುವುದೂ ಸೇರಿಸುವುದೇ, ಕೆಲಸಕ್ಕೆ ಸೇರಿಸುವುದೂ ಸೇರಿಸುವುದೇ, ಆಸ್ಪತ್ರೆಗೆ ಸೇರಿಸುವುದೂ ಅದೇ. ಅಕ್ಕ ಪಕ್ಕದಲ್ಲೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಅಲ್ಲಿಂದ ಚಿಕ್ಕಲಕ್ಷ್ಮಮ್ಮನ ದಿನಗಳಿಗೆ ಕಳೆ ಬಂತು. ಬೆಳಗ್ಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕತ್ತರಿ ದಾರ ಚೀಲಕ್ಕೆ ಹಾಕಿಕೊಂಡು ಹೊರಟರೆ ಬಸ್‌ ಸ್ಟಾಪಿನ ಅಂಗಡಿ ಮುನಿಶಾಮಯ್ಯ, “ಏನ್ ಟೀಚರಮ್ಮ, ಡ್ಯೂಟಿಗಾ?” ಎಂದು ನಗುತ್ತಿದ್ದ. ಅವಳು ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಬಿಡದಿಯಲ್ಲಿ ಬಸ್ಸು ಬದಲಾಯಿಸಿ ರಾಮನಗರ ಸೇರಿದರೆ ಹನ್ನೊಂದು ಜನ ಸದಸ್ಯರು ಅವಳಿಗಾಗಿ ಕಾದಿರುತ್ತಿದ್ದರು. ಸಂಬಳ ಯಾವಾಗ ಎಂದು ಒಂದು ಸಲ ಅಕ್ಕನನ್ನು ಕೇಳಿದ್ದಳು. “ಈಗ ಟ್ರೈನಿಂಗು ಕಣೇ,” ಎಂದಿದ್ದಳು ಅಕ್ಕ.

ಸದಸ್ಯರನ್ನು ಕಂಡರೆ ಅವಳಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ದಾಸಪ್ಪ ಎಂಬುವನಿದ್ದ. ಮಾಗಡಿ ಕಡೆ ಬಸ್ಸು ಓಡಿಸುತ್ತಿದ್ದವನು, ಕಿವಿಯಲ್ಲಿ ಯಾರೋ ಬೈಯುತ್ತಾರೆ ಎಂದು ಸಾವನದುರ್ಗದ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಜನರನ್ನು ಅಲ್ಲೇ ಬಿಟ್ಟು ಇಳಿದು ಹೋಗಿದ್ದನಂತೆ. ಅವನ ಕೈ ನಡುಗುತ್ತಿತ್ತು. ಅವನ ಕೈ ಹಿಡಿದು ಎಸಳು ಕತ್ತರಿಸುವುದನ್ನು ಕಲಿಸಿದಳು. ಅವನೂ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದ.

ಬೆಳಗ್ಗೆ ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಅವರಿಗೆ ಸಂಕೋಚ ಆಗಬಾರದು ಎಂದು ಚಿಕ್ಕಲಕ್ಷ್ಮಮ್ಮನೂ ಜೊತೆಗೆ ಹೇಳುತ್ತಿದ್ದಳು. ಒಂದು ದಿನ ಸೊಪ್ಪಿಲ್ಲದೆ ಸತ್ತ ಹುಳಗಳ ಮಾತು ಬಂತು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಯಾರೂ ನಗಲಿಲ್ಲ. ಆ ರಾತ್ರಿ ಹಾಸಿಗೆಗೆ ಬಿದ್ದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ. ಅತ್ತು ತೋರಿಸಿದ್ದರಿಂದ ಸದಸ್ಯರಿಗೆ ಧೈರ್ಯ ಬಂತಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಮಂಡಿ ನೋವು ಮಾತ್ರ ಹಾಗೆಯೇ ಇತ್ತು.

ಶ್ರಾವಣ ಕಳೆದ ಮೇಲೆ ಮುನವ್ವರಾ ಮೇಡಂ ಮನೆಯವರ ದಿನ ಎಂದು ಗೊತ್ತುಮಾಡಿದರು. ಸದಸ್ಯರ ಮನೆಯಿಂದ ಒಬ್ಬೊಬ್ಬರು ಬಂದು ಎರಡು ಮಾತಾಡಿ, ತಮ್ಮವರ ಕೊರಳಿಗೆ ಹಾರ ಹಾಕಬೇಕು. “ಎಲ್ಲ ಸದಸ್ಯರಿಗೂ ಒಂದೊಂದು ಹಾರ ಆಗಲಿ, ನಿಮ್ಮದೇ ಉಸ್ತುವಾರಿ,” ಎಂದರು. ಚಿಕ್ಕಲಕ್ಷ್ಮಮ್ಮ ಹನ್ನೊಂದು ಹಾರ ಮಾಡಿಸಿದಳು. ದಾಸಪ್ಪನದಕ್ಕೆ ಸ್ವಲ್ಪ ಹೆಚ್ಚಾಗಿಯೇ ಕೆಂಪು ಮಣಿ ಹಾಕಿಸಿದಳು.

ಆ ದಿನ ಅವಳು ತಟ್ಟೆಯ ಪಕ್ಕ ನಿಂತು ಬಂದವರ ಕೈಗೆ ಹಾರ ಎತ್ತಿ ಕೊಡುತ್ತಿದ್ದಳು. ಅಷ್ಟರಲ್ಲಿ ಅಕ್ಕ ಒಳಗೆ ಬಂದಳು, ಮದುವೆಗೆ ಉಡುವ ಸೀರೆ ಉಟ್ಟು. ತನ್ನ ಪಾಠ ನೋಡಲು ಮೇಡಂ ಕರೆಸಿರಬೇಕು ಎಂದು ಚಿಕ್ಕಲಕ್ಷ್ಮಮ್ಮ ಹಿಗ್ಗಿದಳು. ದಾಸಪ್ಪನ ಹೆಂಡತಿ ಮಾತಾಡಿದಳು, ಅತ್ತಳು. ಚನ್ನಪಟ್ಟಣದ ಒಬ್ಬ ಮುದುಕ ತನ್ನ ಮಗನನ್ನು ತಬ್ಬಿಕೊಂಡು ಅತ್ತ. ಅವರನ್ನು ನೋಡುತ್ತ ನೋಡುತ್ತ ಅಕ್ಕನ ಮೂಗು ಕೆಂಪಾಯಿತು. ಕೊನೆಗೆ ಮೇಡಂ ಅವಳ ಹೆಸರು ಕರೆದರು.

“ನನ್ ತಂಗಿ,” ಎಂದು ಶುರುಮಾಡಿದಳು ಅಕ್ಕ. ಚಿಕ್ಕಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು.

“ನನ್ ತಂಗಿ ಹೆಂಗಿದ್ಲು ಅಂದ್ರೆ, ಹುಳಕ್ಕೆ ಸೊಪ್ಪಾಕಾದೂ ಮರ್ತು ಕೂತಿದ್ಲು. ಕೆರೆ ಏರಿ ಮೇಲೆ ಚಪ್ಲಿ ಬುಟ್ಟು ನಿಂತ್ಕಬುಟ್ಟಿದ್ಲು ತಾಯಿ, ಸಾಯಾಕೆ. ಯಾರ್ಗೂ ಯೋಳ್ಬ್ಯಾಡ ಅಂತ ನನ್ ಕೈಲಿ ಆಣೆ ಆಕಿಸ್ಕಂಡಿದ್ಲು. ಇಲ್ಲಿಗೆ ಸೇರ್ಸಿದ್ ಮೇಲೆ ಈಗ ಉಣ್ತಾಳೆ, ಮಲಗ್ತಾಳೆ, ನಗ್ತಾಳೆ. ನಿಮ್ ಕಾಲಿಗ್ ಬೀಳ್ತೀನಿ ಮೇಡಂ.”

ಚಪ್ಪಾಳೆ ಬಿತ್ತು. ಮೇಡಂ ಕಣ್ಣೊರೆಸಿಕೊಂಡು, “ಬನ್ನಿ ಲಕ್ಷ್ಮಮ್ಮನವರೇ, ಅಕ್ಕನ ಕೈಯಿಂದ ಹಾರ ಹಾಕಿಸ್ಕೊಳ್ಳಿ,” ಎಂದರು.

ತಟ್ಟೆ ಖಾಲಿಯಾಗಿತ್ತು.

“ಅಯ್ಯೋ, ಒಂದು ಕಡಿಮೆ ಬಂತಲ್ಲ. ಎಲ್ಲ ಸದಸ್ಯರಿಗೂ ಅಂದಿದ್ದೆ, ಎಣಿಸೋದ್ರಲ್ಲಿ ತಪ್ಪಿದ್ರಾ?”

ಎಣಿಸುವುದರಲ್ಲಿ ಅವಳು ತಪ್ಪಿರಲಿಲ್ಲ. ಸದಸ್ಯರನ್ನೆಲ್ಲ ಹೆಸರು ಹಿಡಿದು ಎಣಿಸಿದ್ದಳು. ಖಾಲಿ ತಟ್ಟೆಯನ್ನು ಕೈಗೆತ್ತಿಕೊಂಡಳು. ದಾಸಪ್ಪ ಎದ್ದು ಬಂದು, ಕೊರಳಿನ ಹಾರ ತೆಗೆದು, “ನಂದ್ ಆಕಳಿ ಟೀಚರಮ್ಮ,” ಎಂದ.

“ನಿಂಗೆ ಗೊತ್ತಿತ್ತಾ?”

“ಏನು?”

“ನಾನೂ ನಿಮ್ ತರಾನೇ ಅಂತ.”

ದಾಸಪ್ಪ ಕಕ್ಕಾಬಿಕ್ಕಿಯಾದ. “ನಿಮ್ಗೆ ಗೊತ್ತಿರ್ಲಿಲ್ವಾ?” ಎಂದ.

ಅವಳು ಹಾರವನ್ನು ತಿರುಗಿ ಅವನ ಕೊರಳಿಗೇ ಹಾಕಿ, ತಟ್ಟೆ ಇಟ್ಟು ಹೊರಗೆ ನಡೆದಳು. ಅಕ್ಕ ಹಿಂದೆಯೇ ಓಡಿ ಬಂದಳು. ಗೇಟಿನ ಹತ್ತಿರ ಕೈ ಹಿಡಿದಳು.

“ನಿಂಗೆ ಉಸಾರಿಲ್ಲ, ಬಾ ಅಂದಿದ್ರೆ ಬತ್ತಿದ್ಯೇನೇ?”

“ಬತ್ತಿರ್ಲಿಲ್ಲ.”

“ಮತ್ತೆ? ನಾನ್ ಏನ್ ಮಾಡ್ಬೇಕಿತ್ತು?”

“ಬರಲ್ಲ ಅನ್ನಾದ್ನ ನನ್ ಬಾಯಲ್ಲಿ ಕೇಳ್ಬೇಕಿತ್ತು. ನಾಳಿಕ್ಕೆ ಇನ್ನೊಂದ್ಸಲ ಕೇಳ್ಬೇಕಿತ್ತು. ನೀನು ಕೇಳಿದ್ರೆ ನಾನು ಯಾವತ್ತಾರ ಒಂದಿನ ಊಂ ಅಂತಿದ್ದೆ ಕಣಕ್ಕ.” ಅವಳು ಕೈ ಬಿಡಿಸಿಕೊಂಡಳು. “ನಮ್ಮನೆಯೋರ್ಗೂ ಗೊತ್ತಾ?”

ಅಕ್ಕ ನೆಲ ನೋಡಿದಳು.

“ಮುನಿಶಾಮಯ್ಯಂಗೆ?”

“ನೀನೆಲ್ಲಾರ ದಾರೀಲಿ ಇಳ್ಕಂಡ್ರೆ ಅಂತ... ಒಸಿ ನೋಡ್ಕಳಪ್ಪ ಅಂತ ಅಂದಿದ್ದೆ.”

ಹಾಗಾದರೆ ಊರಿಗೆ ಊರೇ ಆಡಿದ ಆಟ ಅದು. ಡ್ಯೂಟಿಗಾ ಟೀಚರಮ್ಮ ಎಂದು ನಕ್ಕ ನಗು, ತಾನು ಗಂಭೀರವಾಗಿ ತಲೆಯಾಡಿಸಿದ್ದು, ಇಸ್ತ್ರಿ ಸೀರೆ, ಎಲ್ಲ ಒಂದೊಂದಾಗಿ ನೆನಪಾಗಿ ಅವಳಿಗೆ ಮೈಯೆಲ್ಲ ಹೊತ್ತಿಕೊಂಡ ಹಾಗಾಯಿತು. ಕಾಯಿಲೆ ಇದೆ ಎಂಬುದು ಅಷ್ಟು ನೋಯಿಸಲಿಲ್ಲ. ಅದು ಅವಳಿಗೆ ಒಳಗೊಳಗೇ ಗೊತ್ತಿದ್ದ ಸಂಗತಿ. ಆದರೆ ಅವಳ ಹೆಮ್ಮೆಯನ್ನೇ ಬೆಲ್ಲ ಮಾಡಿ ಅದರಲ್ಲಿ ಔಷಧಿಯಿಟ್ಟು ನುಂಗಿಸಿದ್ದರು, ಅದೂ ಅಕ್ಕ.

ಬಾಗಿಲಿಗೆ ಬಂದು ನಿಂತ ಮುನವ್ವರಾ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ನಾನು ನಿಮ್ಮನ್ನೇ ಕೇಳಿದ್ದೆನಲ್ಲ ಲಕ್ಷ್ಮಮ್ಮನವರೇ,” ಎಂದರು ಸಣ್ಣ ದನಿಯಲ್ಲಿ.

“ಸೇರ್ಕೋತೀರಾ ಅಂದ್ರಿ. ಯಾವ್ದಕ್ಕೆ ಅಂತ ನೀವೂ ಬಾಯಿ ಬುಡ್ಲಿಲ್ಲ ಮೇಡಂ.”

ಮೇಡಂ ಬಂದು ತಾವೇ ಗೇಟು ತೆಗೆದರು.

ಆ ವಾರ ಚಿಕ್ಕಲಕ್ಷ್ಮಮ್ಮ ಮನೆ ಬಿಟ್ಟು ಹೊರಡಲಿಲ್ಲ. ಅಕ್ಕ ದಿನವೂ ಸಾರು, ಪಲ್ಯ ಹಿಡಿದು ಬಂದು ಬಾಗಿಲು ತಟ್ಟಿದಳು. ಒಳಗಿನಿಂದ ಚಿಲಕ ತೆಗೆಯಲಿಲ್ಲ. ಚಲುವಯ್ಯ ಎದುರಿಗೆ ಕೂತು ತಲೆ ಕೆರೆದುಕೊಂಡು, “ಒಳ್ಳೇದಕ್ಕೆ ಮಾಡಿದ್ದು ಕಣೇ,” ಎಂದ. ಒಳ್ಳೆಯದಾಗಿದೆ ಎಂಬುದು ಅವಳಿಗೂ ಗೊತ್ತಿತ್ತು, ಸಂಕಟ ಇದ್ದದ್ದೇ ಅಲ್ಲಿ. ಕೆಟ್ಟದಾಗಿದ್ದರೆ ಬಾಯಿ ತುಂಬ ಬೈದು ಹಗುರಾಗಬಹುದಿತ್ತು. ಮಂಡಿಗೆಂದು ಅಕ್ಕ ಹೇಳಿದ್ದ ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಗಂಡನ ಕೈಯಿಂದ ಕಿತ್ತುಕೊಂಡು, ಯಾವುದಕ್ಕೆ ಯಾವುದು ಎಂದು ಬಾಯಿಬಿಟ್ಟು ಹೇಳಿಸಿ, ತಾನೇ ನುಂಗಿದಳು.

ಸೋಮವಾರ ತಲೆ ಬಾಚಿಕೊಂಡು ಹೊರಟಳು. ಮುನಿಶಾಮಯ್ಯ ಅಂಗಡಿಯಿಂದ ಕತ್ತು ಚಾಚಿ ಎಂದಿನಂತೆ, “ಡ್ಯೂಟಿಗಾ ಟೀಚರಮ್ಮ?” ಎಂದ.

“ಅಲ್ಲ ಕಣಪ್ಪ. ನಂಗೆ ಮನಸ್ಸಿಗೆ ಉಸಾರಿಲ್ಲ, ತೋರಿಸ್ಕಳಾಕೆ ಓಯ್ತಿವ್ನಿ,” ಎಂದಳು, ಬಸ್ಸಿಗೆ ನಿಂತವರಿಗೆಲ್ಲ ಕೇಳಿಸುವ ಹಾಗೆ. ಅವನು ನಗಲಿಲ್ಲ.

ಸೆಂಟರಿನಲ್ಲಿ ಅವಳು ಹಾರದ ಮೇಜಿಗೆ ಹೋಗದೆ ನೇರವಾಗಿ ಮೇಡಂ ಎದುರಿಗೆ ಕೂತಳು. “ನನ್ನ ಇನ್ನೊಂದ್ಸಲ ಕೇಳಿ,” ಎಂದಳು.

ಈ ಸಲ ಮುನವ್ವರಾ ಮೇಡಂ ಕಾಯಿಲೆಯ ಹೆಸರು ಹೇಳಿದರು. ಯಾವ ಡಾಕ್ಟರು ಏನೆಂದು ಬರೆದು ಕಳಿಸಿದರು, ಇಲ್ಲಿ ಏನು ಮಾಡುತ್ತಾರೆ, ಬೇಡವೆಂದರೆ ಯಾವತ್ತು ಬೇಕಾದರೂ ಬಿಡಬಹುದು ಎಂಬುದನ್ನೆಲ್ಲ ಬಿಡಿಸಿ ಹೇಳಿ, ಸೇರಿಕೊಳ್ಳುತ್ತೀರಾ ಎಂದು ಕೇಳಿದರು.

“ಸೇರ್ಕತೀನಿ. ಕೆರೆ ಮಾತು ನಾನೇ ಯೋಳ್ತೀನಿ, ಅವ್ರೆಲ್ಲರ ಮುಂದೆ. ಅಕ್ಕ ಯೋಳಿದ್ದು ಸರಿಯಾಗಿರ್ಲಿಲ್ಲ,” ಎಂದಳು.

“ಆಗಲಿ. ಏನಾದ್ರೂ ಆದರೆ ಫೋನ್ ಮಾಡೋಕೆ ಮನೆಯವರೊಬ್ಬರ ನಂಬರ್ ಬೇಕಾಗುತ್ತೆ. ಅಕ್ಕಂದೇ ಇರಲಾ?”

“ಅದ್ನ ತೆಗೆದ್ಬುಡಿ.”

“ಮತ್ತೆ ಯಾರದು ಕೊಡ್ತೀರಾ?”

ಚಿಕ್ಕಲಕ್ಷ್ಮಮ್ಮ ಬಾಯಿ ತೆರೆದಳು. ಗಂಡನ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು, ಆ ಆಟದಲ್ಲಿ ಅವನೂ ಇದ್ದ. ಇನ್ನೊಂದು ಹೆಸರಿಗಾಗಿ ಹುಡುಕಿದಳು. ಬುದ್ಧಿ ಬಂದಾಗಿನಿಂದ ಅವಳಿಗೆ ಅಕ್ಕನದಲ್ಲದೆ ಇನ್ನೊಂದು ಹೆಸರು ಬೇಕಾಗಿಯೇ ಇರಲಿಲ್ಲ. ಹೊರಗೆ ದಾಸಪ್ಪ ಕುರ್ಚಿಗಳನ್ನು ಸುತ್ತ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

“ಒಸಿ ದಿನ ಆ ಜಾಗ ಖಾಲಿ ಇರ್ಲಿ ಮೇಡಂ,” ಎಂದಳು.