ಒಳಚಿಲಕ

ಮುಂಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸುತ್ತಿದ್ದ ಅಕ್ಕನ ಮಗಳನ್ನು ಕಂಡು ಚಿಕ್ಕಮ್ಮನಿಗೆ ರೇಗಿತು.

"ಅಲ್ಲ ಕಣೆ, ಅಮ್ಮನ್ನ ಒಳಗೆ ಮಲಗಿಸಿಕೊಂಡು ಇದೇನೇ ನಿನ್ನ ರಿಪೇರಿ?"

"ಭಾನುವಾರ ಅಮ್ಮ ಮಾಡ್ತಿದ್ದ ಕೆಲಸ ಚಿಕ್ಕಮ್ಮ. ಇವತ್ತೂ ಭಾನುವಾರವೇ."

ಅಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದವಳು. ಯಾರದೇ ಮದುವೆಗೆ ಹೋಗಲಿ, ಮದುಮಗಳ ಕೈಗೆ ಒಂದು ಹಿತ್ತಾಳೆ ಚಿಲಕ ಇಟ್ಟು ಬರುತ್ತಿದ್ದಳು. ಬೀದಿಗೆಲ್ಲ ಅವಳು ಚಿಲಕದಕ್ಕ. ಹೆಣದ ಪಕ್ಕ ಕೂತಿದ್ದ ಎದುರುಮನೆಯವಳು ಕಣ್ಣೊರೆಸಿಕೊಳ್ಳುತ್ತಲೇ ಅಂದಳು: "ನನ್ನ ಮದುವೇಲಿ ಕೊಟ್ಟ ಚಿಲಕ ನೋಡಿ ನಮ್ಮತ್ತೆ ಊದಿಸಿಕೊಂಡ ಮುಖ ಇನ್ನೂ ಇಳಿದಿಲ್ಲ. ಆದ್ರೆ ಕೋಣೆಗೆ ಬರೋ ಮುಂಚೆ ಬಾಗಿಲು ತಟ್ತಾರೆ." ಅಳುತ್ತಿದ್ದವರೂ ನಕ್ಕರು.

ಅಷ್ಟರಲ್ಲಿ ಸೋದರಮಾವ ಏದುಸಿರು ಬಿಡುತ್ತ ಬಂದ. ಗೇಟಿನ ಬಳಿ ಅಪ್ಪ ಹಾರ ಹಿಡಿದು ನಿಂತಿದ್ದಾನಂತೆ.

*

ಅಪ್ಪನ ಮನೆಯಲ್ಲಿ ಯಾವ ಬಾಗಿಲಿಗೂ ಒಳಚಿಲಕ ಇರಲಿಲ್ಲ. ಅವನೇ ಬಿಚ್ಚಿಸಿದ್ದ. ಅಮ್ಮ ಯಾರೊಡನೆ ಮಾತಾಡಬೇಕು, ಯಾವ ಬಟ್ಟೆ ಉಡಬೇಕು, ತವರಿಗೆ ಫೋನ್ ಮಾಡಬೇಕೋ ಬೇಡವೋ, ಎಲ್ಲ ಅವನದೇ ತೀರ್ಮಾನ. ಕೋರ್ಟಿನಲ್ಲಿ ಅವನ ವಕೀಲ, ಒಂದೇಟಿನ ಗುರುತಾದರೂ ತೋರಿಸಲಿ ಎಂದು ನಕ್ಕಿದ್ದ. ಅಮ್ಮ ತಲೆ ತಗ್ಗಿಸಲಿಲ್ಲ.

"ಮದುವೆ ಆದಾಗಿನಿಂದ ನಾನು ಬಾಗಿಲು ಹಾಕ್ಕೊಂಡು ಸ್ನಾನ ಮಾಡಿಲ್ಲ ಸ್ವಾಮಿ. ಅದರ ಗುರುತು ಎಲ್ಲಿ ತೋರಿಸಲಿ?"

ನ್ಯಾಯಾಧೀಶರ ಪೆನ್ನು ನಿಂತಿತು. ಕೈ ಎತ್ತದೆಯೂ ಹಿಂಸೆ ಕೊಡಬಹುದು, ಕಾನೂನು ಅದನ್ನೂ ಹಿಂಸೆ ಎಂದೇ ಕರೆಯುತ್ತದೆ ಎಂದರು ಅವರು. ತಾಯಿ ಮಗಳು ಇರುವ ಮನೆಗೆ ಅವನು ಕಾಲಿಡಕೂಡದೆಂದು ಆದೇಶವಾಯಿತು. ಬರುವ ದಾರಿಯಲ್ಲೇ ಅಮ್ಮ ಮೊದಲ ಚಿಲಕ ಕೊಂಡಳು.

*

"ಹೋಗ್ಲಿ ಬಿಡಮ್ಮ, ಸತ್ತ ಮೇಲೆ ಎಂಥ ಕೋರ್ಟು? ನಾಲ್ಕು ಜನ ಏನಂದಾರು?" ಎಂದ ಸೋದರಮಾವ.

"ಆ ನಾಲ್ಕು ಜನ ಆಗ ಎಲ್ಲಿ ಹೋಗಿದ್ರು ಮಾವ?"

ಅಪ್ಪ ಹೊಸಿಲಿನವರೆಗೆ ಬಂದೇಬಿಟ್ಟಿದ್ದ. ಅವನ ದನಿ ಎಂದಿನಂತೆ ಬೆಣ್ಣೆ.

"ಆದೇಶ ಇದ್ದದ್ದು ಅವಳಿಗೆ. ಈಗ ಅವಳೇ ಇಲ್ಲ. ದಾರಿ ಬಿಡು ಪುಟ್ಟ."

ಮಗಳ ಕೈಗೆ ಇನ್ನೂ ಎಣ್ಣೆ ಅಂಟಿತ್ತು. ಅವಳು ಹೊಸಿಲ ಮೇಲಿಂದ ಕದಲಲಿಲ್ಲ.

"ಆದೇಶ ನನಗೂ ಇದೆ. ನಾನಿನ್ನೂ ಬದುಕಿದ್ದೀನಿ."

ಬಾಗಿಲು ಮುಚ್ಚಿತು. ಚಿಲಕ ಸದ್ದಿಲ್ಲದೆ ಜಾರಿ ಕೂತಿತು. ಅವನು ಹೊರಗಿನಿಂದ ತಟ್ಟಿದ, ಮತ್ತೆ ತಟ್ಟಿದ. ಒಳಗಿನ ಹೆಂಗಸರಲ್ಲಿ ಯಾರೂ ಏಳಲಿಲ್ಲ, ಸೋದರಮಾವ ನೆಲ ನೋಡುತ್ತ ನಿಂತ.

ಕೊನೆಯ ಸ್ನಾನಕ್ಕೆ ನೀರು ಕಾದಿತ್ತು. ಅಮ್ಮನನ್ನು ಎತ್ತಿ ತಂದು ಬಚ್ಚಲಲ್ಲಿ ಮಲಗಿಸಿದರು. ಚೊಂಬಿಗೆ ಕೈ ಹಾಕಿದ ಚಿಕ್ಕಮ್ಮ ಅದನ್ನು ಹಾಗೇ ಕೆಳಗಿಟ್ಟಳು. ಎದ್ದು ಬಚ್ಚಲ ಬಾಗಿಲು ಮುಚ್ಚಿ, ಒಳಚಿಲಕ ಹಾಕಿ, ಗಟ್ಟಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ, ಆಮೇಲೆ ನೀರು ಹೊಯ್ದಳು.