ಪ್ರೈವೇಟ್ ನಂಬರು ಎಪ್ಪತ್ತಮೂರು

ಊರಿನಲ್ಲಿ ನಮ್ಮಪ್ಪನನ್ನು ಇವತ್ತಿಗೂ ಗೇಟು ಹಾಕದ ಭೈರಪ್ಪ ಎಂದೇ ಕರೆಯುತ್ತಾರೆ. ಅವನ ಎದುರಿಗಲ್ಲ, ಬೆನ್ನ ಹಿಂದೆ. ನನಗೆ ಮಾತ್ರ ಮುಖಕ್ಕೇ ಹೇಳಿದ್ದಾರೆ. ನನಗೆ ಗಂಡು ನೋಡುವಾಗ ಎರಡು ಸಂಬಂಧ ಆ ಹೆಸರಿನಿಂದಲೇ ತಪ್ಪಿಹೋದವು.

ಅಪ್ಪ ಹೊಸಗಟ್ಟ ಸ್ಟೇಷನ್ನಿನ ಹತ್ತಿರದ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದ. ರೈಲು ಬಿಡುವ ಮುಂಚೆ ಸ್ಟೇಷನ್ ಮಾಸ್ಟರು ಗೇಟಿಗೆ ಫೋನು ಮಾಡಬೇಕು. ಗೇಟ್‌ಮನ್ ಗೇಟು ಹಾಕಿ, ತನ್ನ ಹತ್ತಿರವಿರುವ ಅಚ್ಚಿನ ಹಾಳೆ ನೋಡಿ, ಮುಂದಿನ ಪ್ರೈವೇಟ್ ನಂಬರು ಹೇಳಿ, ಅದನ್ನು ಪೆನ್ನಿನಲ್ಲಿ ಹೊಡೆದು ಹಾಕಬೇಕು. ಹಾಳೆಯಲ್ಲಿ ನಂಬರುಗಳು ಅಡ್ಡಾದಿಡ್ಡಿಯಾಗಿರುತ್ತವೆ, ಊಹೆ ಮಾಡಿ ಹೇಳಲು ಬರುವುದಿಲ್ಲ. ಮಾಸ್ಟರ ರಿಜಿಸ್ಟರಿನಲ್ಲಿ ಆ ನಂಬರು ಇದ್ದರೆ ಗೇಟು ಬಿದ್ದಿದೆ ಎಂದೇ ಅರ್ಥ. ತೊಂಬತ್ನಾಲ್ಕರ ಒಂದು ಮಧ್ಯಾಹ್ನ ಫೋನು ಬರಲಿಲ್ಲ, ರೈಲು ಬಂತು. ಟೆಂಪೋದಲ್ಲಿದ್ದ ಇಬ್ಬರು ಸತ್ತರು. ಓಡಿ ಬಂದ ಮಾಸ್ಟರು ಮೊದಲು ನೋಡಿದ್ದು ಹೆಣಗಳನ್ನಲ್ಲ, ಗೇಟಿನ ಕೋಣೆಯಲ್ಲಿದ್ದ ಹಾಳೆಯನ್ನು. ಅದನ್ನು ಮಡಿಸಿಕೊಂಡು ಹೋದವರು ವಿಚಾರಣೆಯಲ್ಲಿ ಹಾಳೆ ಸಿಗಲೇ ಇಲ್ಲ ಎಂದರು. ಅವರ ರಿಜಿಸ್ಟರಿನಲ್ಲಿ ಮಾತ್ರ ಎಪ್ಪತ್ತಮೂರು ಎಂದು ಅಂದವಾಗಿ ಬರೆದಿತ್ತು. ನಾನು ಎಪ್ಪತ್ತಮೂರು ಹೊಡೆದಿಲ್ಲ, ಹಾಳೆ ತರಿಸಿ ನೋಡಿ ಸ್ವಾಮಿ ಎಂದು ಅಪ್ಪ ಎಲ್ಲರಿಗೂ ಕೈ ಮುಗಿದ. ಗೇಟ್‌ಮನ್ ಮಾತು ಯಾರಿಗೆ ಬೇಕು? ಕೆಲಸ ಹೋಯಿತು. ಆಮೇಲೆ ಅವನು ಟಾಕೀಸಿನ ಸೈಕಲ್ ಸ್ಟ್ಯಾಂಡು ಕಾದುಕೊಂಡು ನನ್ನನ್ನು ಓದಿಸಿದ.

ಈಗ ಅವನಿಗೆ ಎಪ್ಪತ್ತೆಂಟು. ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಬಂದು, ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲಾಟಿನ ಕಿಟಕಿಯಲ್ಲಿ ಕೂತು, ಎದುರಿನ ಕ್ಲಿನಿಕ್ಕಿಗೆ ಬರುವವರನ್ನು ಎಣಿಸುತ್ತಾನೆ. ಊರಾಚೆಯ ಐನ್ ಖಾಲಿದ್ ಬಡಾವಣೆಯ ವಿಲ್ಲಾವೊಂದರ ಔಟ್‌ಹೌಸಿನಲ್ಲಿ ಪುಟ್ಟ ರೈಲ್ವೆ ಮ್ಯೂಸಿಯಂ ಇದೆ, ರೈಲಿನ ಹುಚ್ಚಿನ ಐದಾರು ಜನ ಶುಕ್ರವಾರ ತಾವೇ ನಿಂತು ನಡೆಸುತ್ತಾರೆ ಎಂದು ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂತು. ಅಪ್ಪ ಬರುವುದಿಲ್ಲ ಎಂದ. ಮಗಳು ಸ್ಪಂದನಾಗೆ ತಾತನ ಕೆಲಸ ಎಂಥದ್ದೆಂದು ತೋರಿಸಬೇಕೆಂಬ ಆಸೆಗೆ ನಾನೇ ಅವನನ್ನು ಹೊರಡಿಸಿದೆ. ಆ ಬುದ್ಧಿವಂತಿಕೆಗೆ ನನ್ನ ಚಪ್ಪಲಿಯಿಂದ ನಾನೇ ಹೊಡೆದುಕೊಳ್ಳಬೇಕು.

ಇದ್ದದ್ದು ಎರಡು ಕೋಣೆ. ಗೊರಗೊರ ಎನ್ನುವ ಏಸಿ, ಗೋಡೆಯ ತುಂಬ ಕೆಂಪು ಹಸಿರು ಬಾವುಟಗಳು, ಗಂಟೆಯಾಗಿ ಬಾರಿಸುತ್ತಿದ್ದ ಹಳಿಯ ತುಂಡು, ಮೊಳೆಗೆ ನೇತುಹಾಕಿದ್ದ ಸ್ಟೇಷನ್ ಮಾಸ್ಟರ ಟೋಪಿ. ಅವತ್ತು ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಯಜ್ಞೇಶ್, ಮೈಸೂರಿನವರು, ವಾರವೆಲ್ಲ ಯಾವುದೋ ಕಂಪನಿಯಲ್ಲಿ ಎಂಜಿನಿಯರು. ಇಲ್ಲಿ ಎಲ್ಲವನ್ನೂ ಮುಟ್ಟಬಹುದು, ಮಕ್ಕಳು ಆಡಿಯೇ ಕಲಿಯಬೇಕು ಎಂದು ಹೆಮ್ಮೆಯಿಂದ ಹೇಳಿಕೊಂಡರು. ನಮ್ಮ ತಂದೆ ಗೇಟ್‌ಮನ್ ಆಗಿದ್ದರು ಎಂದು ನಾನೂ ಅಷ್ಟೇ ಹೆಮ್ಮೆಯಿಂದ ಹೇಳಿದೆ. ಯಾವ ಗೇಟು ಎಂದು ಅವರು ಕೇಳಲಿಲ್ಲ. ಬಗ್ಗಿ ಅಪ್ಪನ ಕಾಲು ಮುಟ್ಟಿದರು.

ಅಪ್ಪ ಕರಗಿಹೋದ. ರೈಲ್ವೆಯ ಕಡೆಯವರೊಬ್ಬರು ಅವನಿಗೆ ಮರ್ಯಾದೆ ಕೊಟ್ಟು ಮೂವತ್ತು ವರ್ಷವಾಗಿತ್ತು. ಕೈದೀಪ ಎತ್ತಿಕೊಂಡು ಅದರ ಬತ್ತಿ ಸರಿ ಮಾಡುತ್ತ, ಗಾಜು ಹೇಗೆ ತಿರುಗಿಸಿದರೆ ಕೆಂಪು, ಹೇಗೆ ತಿರುಗಿಸಿದರೆ ಹಸಿರು ಎಂದು ಯಜ್ಞೇಶರಿಗೇ ಪಾಠ ಹೇಳಿದ. ಅವನು ನಕ್ಕಿದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಎರಡು ಕೋಣೆಗಳ ನಡುವೆ ಹಿಡಿ ತಿರುಗಿಸುವ ಹಳೆಯ ಫೋನುಗಳಿದ್ದವು. ಮಕ್ಕಳು ಒಳಕೋಣೆಯಲ್ಲಿ ಗೇಟ್‌ಮನ್ ಆಗುವುದು, ಯಜ್ಞೇಶ್ ಹೊರಗೆ ಮಾಸ್ಟರಾಗುವುದು, ಇದು ಅಲ್ಲಿಯ ಆಟ. ನಂಬರಿನ ಹಾಳೆಯ ಝೆರಾಕ್ಸ್ ಪ್ರತಿಗಳ ಕಟ್ಟೇ ಮೇಜಿನ ಮೇಲಿತ್ತು. ಅವರು ಅದನ್ನು ಸರಿಸಿ ಡ್ರಾಯರಿನಿಂದ ಒಂದು ಫೈಲು ತೆಗೆದರು.

"ಗೇಟ್‌ಮನ್ ಮೊಮ್ಮಗಳಿಗೆ ಝೆರಾಕ್ಸ್ ಕೊಡೋಕಾಗುತ್ತಾ ಸಾರ್? ಇವತ್ತು ಒರಿಜಿನಲ್ಲಲ್ಲೇ ಆಡ್ಲಿ."

ನಾನು ಥ್ಯಾಂಕ್ಸ್ ಎಂದೆ. ಹೌದು, ಥ್ಯಾಂಕ್ಸ್ ಎಂದೆ. ನಂಬರು ಹಾರಿಸಬಾರದು, ಹೊಡೆಯದೆ ಉಳಿದ ಮೊದಲನೆಯದನ್ನೇ ಹೇಳಬೇಕು ಎಂದು ಅಪ್ಪನೇ, ಕೈದೀಪದಿಂದ ಕಣ್ಣೆತ್ತದೆ, ಮೊಮ್ಮಗಳಿಗೆ ಹೇಳಿಕೊಟ್ಟು ಒಳಗೆ ಕಳಿಸಿದ. ಯಜ್ಞೇಶ್ ಟೋಪಿ ಹಾಕಿಕೊಂಡು ಫೋನಿನ ಹಿಡಿ ತಿರುಗಿಸಿದರು.

"ಗೇಟು ಹಾಕಿ ಪ್ರೈವೇಟ್ ನಂಬರ್ ಕೊಡಿ."

"ಸೆವೆಂಟಿ ತ್ರೀ," ಎಂದಳು ಸ್ಪಂದನಾ ಒಳಗಿನಿಂದ.

"ಎಪ್ಪತ್ತಮೂರು. ಹೊಡೆದು ಹಾಕಿದ್ರಾ?"

"ಹೊಡೆದೆ ಅಂಕಲ್."

ಅಪ್ಪ ದೀಪವನ್ನು ಮೇಜಿನ ಮೇಲಿಟ್ಟು ಒಳಗೆ ಹೋದ. ಹಿಂದೆಯೇ ನಾನು ಹೋದೆ. ಹಳದಿಯಾದ ಹಾಳೆ, ಮೇಲೆ ಹೊಸಗಟ್ಟ ಗೇಟಿನ ಮೊಹರು. ಹೊಡೆದ ನಂಬರುಗಳ ಪಕ್ಕದಲ್ಲೆಲ್ಲ ಭೈರಪ್ಪ, ಭೈರಪ್ಪ ಎಂಬ ಅವನ ಗುಂಡು ಅಕ್ಷರದ ಸಹಿ. ಕೊನೆಗೆ ಎಪ್ಪತ್ತಮೂರು. ಅದರ ಮೇಲೆ ಈಗಷ್ಟೇ ಎಳೆದ, ಸ್ಕೇಲು ಇಟ್ಟ ಹಾಗೆ ನೇರವಾದ ಗೆರೆ. ಪಕ್ಕದಲ್ಲಿ ಸಹಿ ಇರಲಿಲ್ಲ.

ಹಾಳೆಯನ್ನು ಹೊರಗೆ ತಂದು ಮೇಜಿನ ಮೇಲಿಟ್ಟು, ಇದು ಎಲ್ಲಿ ಸಿಕ್ಕಿತು ಎಂದು ಅಪ್ಪ ಮೆಲ್ಲಗೆ ಕೇಳಿದ. ತಮ್ಮ ತಂದೆ ಹೊಸಗಟ್ಟದಲ್ಲಿ ಸ್ಟೇಷನ್ ಮಾಸ್ಟರಾಗಿದ್ದರೆಂದೂ, ಈ ಟೋಪಿಯೂ ಅವರದೇ ಎಂದೂ, ಅವರು ತೀರಿಕೊಂಡ ಮೇಲೆ ಈ ಹಾಳೆ ದೇವರ ಮನೆಯಲ್ಲಿ, ಪಟದ ಹಿಂದೆ ಸಿಕ್ಕಿತೆಂದೂ ಯಜ್ಞೇಶ್ ಹೇಳಿದರು. ಯಾಕೆ ಅಲ್ಲಿಟ್ಟಿದ್ದರೋ ಮನೆಯವರಿಗೂ ಗೊತ್ತಿಲ್ಲವಂತೆ. ನನಗೆ ಗೊತ್ತಿತ್ತು. ನಾನು ಬಾಯಿಗೆ ಬಂದಂತೆ ಎಲ್ಲವನ್ನೂ ಹೇಳಿದೆ. ಟೆಂಪೋ, ವಿಚಾರಣೆ, ಸೈಕಲ್ ಸ್ಟ್ಯಾಂಡು, ಎಲ್ಲವನ್ನೂ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡರು.

"ಡ್ರಾಯರಿಂದ ತೆಗೆದಾಗ ಎಪ್ಪತ್ತಮೂರು ಹೊಡೆದಿರಲಿಲ್ಲ ಅಂತ ಬರೆದುಕೊಡಿ. ಅಷ್ಟು ಸಾಕು ನಮಗೆ," ಎಂದೆ.

ಝೆರಾಕ್ಸ್ ಪ್ರತಿಗಳು ಇನ್ನೂ ಮೇಜಿನ ಮೇಲಿದ್ದವು. ಅವುಗಳಲ್ಲಿ ಎಪ್ಪತ್ತಮೂರು ಹೊಡೆಯದೆಯೇ ಇದೆ ಎಂದು ನನಗೆ ಹೊಳೆಯುವ ಹೊತ್ತಿಗೆ ಅವರಿಗೂ ಹೊಳೆದಿತ್ತು. ಕಟ್ಟನ್ನೂ ಒರಿಜಿನಲ್ ಹಾಳೆಯನ್ನೂ ಎತ್ತಿ, ಫೈಲಿನೊಳಗೆ ತುರುಕಿ, ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಮೊದಲೇ ಹೊಡೆದಿತ್ತು ಅನ್ಸುತ್ತೆ ಮೇಡಂ. ಮಗು ಅದರ ಮೇಲೇ ಇನ್ನೊಂದು ಗೆರೆ ಎಳೆದಿರಬೇಕು."

ಇಲ್ಲ ಅಂಕಲ್, ಅದು ಎಂಪ್ಟಿ ಇತ್ತು ಎಂದಳು ಸ್ಪಂದನಾ. ಮಕ್ಕಳಿಗೆ ಏನು ಗೊತ್ತಾಗುತ್ತೆ ಎಂದು ಅವರು ಗೋಡೆಗೆ ಹೇಳಿದರು. ನಾನು ಡ್ರಾಯರಿಗೆ ಕೈ ಹಾಕಿದೆ, ಎಳೆದೆ, ಬಯ್ದೆ. ಅಪ್ಪ ನನ್ನ ರಟ್ಟೆ ಹಿಡಿದ. ಯಜ್ಞೇಶರ ಮುಖವನ್ನು ಅವನು ಒಂದು ಗಳಿಗೆ ನೋಡಿದ, ಹಳೆಯ ಪರಿಚಯದವರನ್ನು ನೋಡುವಂತೆ.

"ಬಾ ಕಾಂತಾ. ಇವರಪ್ಪನೂ ಹಿಂಗೇ ಗೋಡೆ ನೋಡ್ಕೊಂಡು ಹೇಳಿದ್ರು."

ಕಾರು ಹತ್ತಿ ಮನೆಗೆ ಹೊರಟೆವು. ನಾನು ಎರಡು ಸಲ ತಪ್ಪು ರಸ್ತೆ ಹಿಡಿದೆ. ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತು ಸ್ಪಂದನಾ ಅಳುತ್ತಿದ್ದಳು. ನಾನು ತಪ್ಪು ಮಾಡಿದೆನಾ ತಾತ ಎಂದು ಕೇಳಿದಳು. ಅಪ್ಪ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡ.

"ಇಲ್ಲ ಮಗ. ನಿಂಗೆ ಫೋನು ಬಂತು, ನಂಬರು ಕೊಟ್ಟೆ, ಹೊಡೆದೆ. ಸರಿಯಾಗೇ ಮಾಡ್ದೆ. ನಂಗೆ ಆ ಫೋನೇ ಬರಲಿಲ್ಲ."